ನಾಲ್ಕೂ ಇಂಡಿಕೇಟರಿಗೆ ಒಂದು ಸ್ವಿಚ್ಚು

ತಮ್ಮ ತಿಪ್ಪೇಶ,

ನಿನ್ನ ಹಳೇ ಬೈಕಿಗೆ ಇವತ್ತು ಹೊಳಲ್ಕೆರೆಯಲ್ಲಿ ಎರಡು ಸ್ವಿಚ್ಚು ಹಾಕಿಸಿದೆ. ಒಂದು ಹೆಚ್ಚುವರಿ ದೀಪಕ್ಕೆ. ಇನ್ನೊಂದನ್ನು ಒತ್ತಿದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುತ್ತವೆ. ಗಾಡಿ ಕೆಟ್ಟು ನಿಂತರೆ ಹಿಂದೆ ಬರುವವರಿಗೆ ಗೊತ್ತಾಗಲಿ ಎಂದು ನೀನು ಕೇಳಿದ್ದು ಇದನ್ನೇ. "ಹಳೇ ಗಾಡಿಗೆ ಇದೇನ್ಲೇ ಶೋಕಿ?" ಎಂದವನು ನಾನು.

ಜವನಗೊಂಡನಹಳ್ಳಿ ಹತ್ತಿರ ಲಾರಿ ಗುದ್ದಿದಾಗ ನೀನು ಕೆಟ್ಟ ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದೆಯಂತೆ. ನಿನ್ನ ತಿಥಿ ಮುಗಿದ ಮೇಲೆ ಗಾಡಿ ರಿಪೇರಿ ಮಾಡಿಸಿದೆ.

ಮೆಕ್ಯಾನಿಕ್ ರಾಮಾಂಜನೇಯ ಸ್ವಿಚ್ಚು ಒತ್ತಿ ತೋರಿಸಿದ. "ಸಾಕೇನಣ್ಣ? ಬ್ಯಾಟ್ರಿ ಇಳಿತೈತೆ."

"ಇರ್ಲಿ, ಇನ್ನೊಂದ್ ಗಳಿಗೆ," ಎಂದೆ.

ಬಸ್ ನಿಲ್ದಾಣದವರೆಗೂ ನಡೆದುಹೋಗಿ ತಿರುಗಿ ನೋಡಿದೆ. ಆ ಬಿಸಿಲಲ್ಲೂ, ಅಷ್ಟು ದೂರಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು.