ಬಂದೈತಿ, ಬಂದ್ ಐತಿ

ವಿದ್ಯಾವತಿ,

‘ಮಂಜಿಗೆ ದನಿಯಿಲ್ಲ’ ಎಂದಿತ್ತೋ, ‘ದನಿ ಬೇಕಿಲ್ಲ’ ಎಂದಿತ್ತೋ, ನಮ್ಮ ಹಾಲಿನ ಕೇಂದ್ರದಲ್ಲಿ ನೀನು ಗುನುಗುತ್ತಿದ್ದ ಆ ಸಾಲು? ಎರಡೂ ಒಂದೇ ಎಂದು ಆಗ ಅಂದುಕೊಂಡಿದ್ದೆ. ಕೆಲಸ ಬಿಟ್ಟು ನೀನು ಎಲ್ಲಿಗೆ ಹೋದೆಯೋ ತಿಳಿಯದು, ಈ ಪತ್ರವನ್ನು ಕಳಿಸಲಾರೆ.

ಇವತ್ತು ಬೆಳಗ್ಗೆ ಬಾಲಗಾಂವದ ಮೇಲೆ ಮಂಜು ಹಾಲಿನಂತೆ ಹರಡಿತ್ತು. ಹಾಲು ತಂಪಿಡುವ ಕೋಣೆಯಿಂದ ನಾನು ಮಂಗಲಾಳಿಗೆ ಕೂಗಿದೆ: “ಕರೆಂಟ್ ಬಂದ್ ಐತಿ!” ನಿನ್ನ ಜಾಗದಲ್ಲಿ ಈಗ ಅವಳಿದ್ದಾಳೆ. ‘ಬಂದೈತಿ’ ಎಂದು ತಿಳಿದು ಅವಳು ಜನರೇಟರ್ ಹಚ್ಚದಿದ್ದರೆ ಊರಿನ ಹಾಲೆಲ್ಲ ಒಡೆಯುತ್ತಿತ್ತು.

ಅವಳು ಬಾಗಿಲಲ್ಲಿ ಇಣುಕಿ, “ಅಕ್ಕಾರ, ಬಂತೋ, ಹೋತೋ? ನಿಮ್ಮ ಬಾಯಾಗ ಎರಡೂ ಒಂದ ಕೇಳ್ತಾವ್ರಿ!” ಎಂದಳು. ಕ್ಯಾನು ತೊಳೆಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹಾಲು ಉಳಿಯಿತು.

ನೀನು ಕೆಲಸ ಬಿಡುವ ಮುನ್ನ, ಹಾಲು ಒಡೆದ ಆ ದಿನ, ನಾನು ಕೂಗಿದ್ದೂ ಇದೇ ಮಾತು; ನಿನಗೆ ‘ಬಂದೈತಿ’ ಎಂದು ಕೇಳಿಸಿತ್ತು. ನೀನು ತಿರುಗಿ ಕೇಳಲಿಲ್ಲ. ಆಗೆಲ್ಲ ನನ್ನ ಎದುರು ಯಾರೂ ನಗುತ್ತಿರಲಿಲ್ಲ.

ಇಷ್ಟು ಬರೆಯುವಾಗ ಹೊರಗೆ ಬಳೆಯ ಸದ್ದಾಯಿತು. ಬಾಗಿಲು ತೆರೆದರೆ, ಪಕ್ಕದ ಮನೆಯ ಹಾಲವ್ವ ಹೆಪ್ಪಿಗೆಂದು ಬಟ್ಟಲು ಹಿಡಿದು ನಿಂತಿದ್ದಳು.

“ಭಾಳ ಹೊತ್ತಾತ್ರಿ ನಿಂತು,” ಎಂದಳು. “ಬಾಗಲಾ ಬಂದ್ ಇತ್ತು. ಕರೀಲ್ಯೋ ಬ್ಯಾಡೋ ಅಂತ...”