ಜಾತಿ ಆರಿಸಿಕೊಳ್ಳಿ

ಜೂನ್ 3, ಸೋಮವಾರ

ಮಧ್ಯಾಹ್ನ ನನ್ನ ಡಿಟಿಪಿ ಅಂಗಡಿ ಷಟರ್ ಅರ್ಧ ಎಳೆದು ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಿದ್ದೆ. ನಮ್ಮ ದಲಿತ ಸಂಘದ ಸಂಚಾಲಕ ವೆಂಕಟೇಶಪ್ಪ ಬಗ್ಗಿ ಒಳಗೆ ಬಂದರು. ತಕ್ಷಣ ಕರಪತ್ರದ ಫೈಲ್ ಮುಂದಕ್ಕೆ ತಂದೆ. "ಬರೀತಿದ್ದೀಯಾ? ಬರಿ ಬರಿ" ಅಂದರು. ಟೀ ಕುಡಿದು ಹೋದರು. ನಲವತ್ತೇಳು ವಯಸ್ಸು ನನಗೆ. ಪರದೆಯಲ್ಲಿ ಮುಂದೆ ಮನೆ ಹಕ್ಕುಪತ್ರದ ಹೋರಾಟ, ಹಿಂದೆ ಕೋಟೆ, ಕತ್ತಿ, ಡ್ರ್ಯಾಗನ್. ಥೂ.

ಮನೆಯಲ್ಲಿ ಹೆಂಡತಿ ಮೀನಾ ಕಾಲಿಗೆ ಪ್ಲಾಸ್ಟರ್. ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಇಳಿಯುವಾಗ ನೂಕಾಟದಲ್ಲಿ ಬಿದ್ದಿದ್ದು. ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವಂತಿಲ್ಲ. ಟೀವಿ ನೋಡಿ ನೋಡಿ ರೋಸಿದ್ದಾಳೆ.

"ಅಂಗಡೀಲಿ ಕದ್ದು ಆಡ್ತೀರಲ್ಲ, ಅದನ್ನ ನಂಗೂ ಕಲಿಸ್ರಿ."

ಗೊತ್ತಿದೆ ಇವಳಿಗೆ!

"ಏನ್ ಲೀಡರೇ, ಮಕ ಯಾಕೆ ಅಂಗಾಯ್ತು? ಷಟರ್ ಎಳ್ಕೊಂಡು ಕುಡೀತೀರೇನೋ ಅಂತ ಎದ್ರಿದ್ದೆ. ಗೇಮಾ? ಪರವಾಗಿಲ್ಲ ಬಿಡ್ರಿ."

ಜೂನ್ 5

ಅವಳಿಗೆ ಯಾವ ಗೇಮ್ ಕೊಡುವುದು ಅಂತ ದಿನವೆಲ್ಲಾ ಅದೇ ತಲೆಯಲ್ಲಿ. ಪಾತ್ರ ಕಟ್ಟಿಕೊಂಡು, ಊರೂರು ತಿರುಗಿ, ಮಾತಾಡಿ, ಹೊಡೆದಾಡಿ ಬೆಳೆಯುವ ಆಟಗಳು. ಮನೆಯ ಹಳೇ ಲ್ಯಾಪ್‌ಟಾಪಿಗೆ ಹಳೇ ಗೇಮುಗಳೇ ಸರಿ. ಬಾಂಬು ಬಿದ್ದು ಹಾಳಾದ ಮರಳುಗಾಡಿನದು ಚೆನ್ನಾಗಿದೆ, ಆದರೆ ಹೊಸಬರನ್ನು ಮೊದಲ ಗುಹೆಯಲ್ಲೇ ಇಲಿ ಕಚ್ಚಿ ಕೊಲ್ಲುತ್ತೆ. ಹೆಣದ ಮನೆಯಲ್ಲಿ ಎಚ್ಚರಗೊಳ್ಳುವವನದು... ಅಂಥ ಬರವಣಿಗೆ ಇನ್ನೊಂದರಲ್ಲಿಲ್ಲ. ಆದರೆ ಪುಟಗಟ್ಟಲೆ ಇಂಗ್ಲಿಷು. ಕೊನೆಗೆ ಆರು ಜನರ ತಂಡದ್ದನ್ನು ಕಾಪಿ ಮಾಡಿ ತಂದೆ. ಸ್ಪೇಸ್ ಬಾರ್ ಒತ್ತಿದರೆ ಯುದ್ಧ ನಿಲ್ಲುತ್ತೆ, ಯೋಚಿಸಿ ಏಟು ಹಾಕಬಹುದು. ಹೊಸಬರಿಗೆ ಅದೇ ಅಂತ ಈಗಲೂ ಹೇಳುತ್ತೇನೆ.

ಪಾಠ ಹೇಳಿದೆ. ಸಿಕ್ಕವರನ್ನೆಲ್ಲ ಮಾತಾಡಿಸು. ಆಗಾಗ ಸೇವ್ ಮಾಡು. ಒಬ್ಬಳೇ ನುಗ್ಗಬೇಡ, ತಂಡ ಕಟ್ಟು.

"ಇಲ್ಲೂ ಸಂಘದ ಭಾಷಣಾನಾ!"

ಜೂನ್ 6, ಸಂಜೆ

ಶುರುವಿಗೇ ಎಡವಟ್ಟು. ಆಡುವ ಮೊದಲು ನಾವು ಯಾರು ಅಂತ ಹೇಳಬೇಕು. ಹೆಣ್ಣೋ ಗಂಡೋ ಆಯಿತು. ಮುಂದಿನ ಪಟ್ಟಿಯಲ್ಲಿ ಮನುಷ್ಯ, ಎಲ್ಫ್, ಡ್ವಾರ್ಫ್...

"ಇದೇನ್ರೀ?"

"ಜಾತಿ. ಒಂದು ಆರಿಸ್ಕೋ."

ಬಾಯಿಗೆ ಬಂದ ಪದ. ಬೇರೆ ಪದ ಹೊಳೆಯಲೇ ಇಲ್ಲ.

ಮೀನಾ ಬಿದ್ದು ಬಿದ್ದು ನಕ್ಕಳು. "ಅಯ್ಯಯ್ಯೋ, ನಿಮ್ ಗೇಮೂ ಜಾತಿ ಕೇಳತ್ತಾ? ತಾಸೀಲ್ದಾರ್ ಸರ್ಟಿಫಿಕೇಟೂ ಆಕಬೇಕಾ?"

ವಿವರಿಸಿದೆ. ಎಲ್ಫ್ ಅಂದರೆ ಬೆಳ್ಳಗೆ, ತೆಳ್ಳಗೆ, ಚೂಪು ಕಿವಿ, ಹಳೇ ವಂಶ, ಮಂತ್ರ ಬರುತ್ತೆ. ಡ್ವಾರ್ಫ್ ಅಂದರೆ ಕುಳ್ಳರು, ನೆಲದೊಳಗೆ ಚಿನ್ನ ಅಗೆಯುವವರು. "ಡ್ವಾರ್ಫ್ ಬೇಡ, ಎಲ್ಫ್ ತಗೋ. ನೋಡೋಕೂ ಚೆನ್ನಾಗಿರ್ತಾರೆ" ಅಂದೆ.

ನಗು ನಿಂತಿತು.

"ಚಿನ್ನ ಅಗೆಯೋರು ಬೇಡ್ವಾ? ನಮ್ಮೋರು ಕಣ್ರೀ ಅವ್ರು. ಗಡ್ಡ ಒಂದು ಜಾಸ್ತಿ, ಅಷ್ಟೇ." ಗಂಡು ಮಾಡಿ ಡ್ವಾರ್ಫ್ ಒತ್ತಿದಳು. ಹೆಸರು ಕುಪ್ಪುಸ್ವಾಮಿ. ಅವಳ ಅಪ್ಪ, ಅವಳ ಬಾಯಲ್ಲಿ ನೈನಾ. ಚಿನ್ನದ ಗಣಿ ಮುಚ್ಚುವವರೆಗೂ ಒಳಗೆ ಇಳಿದವರು. "ಆಮೇಲೆ ವಾಚ್‌ಮನ್ ಯೂನಿಫಾರಂ ಆಕಿ ಕೂರ್ಸಿದ್ರು ಪಾಪ. ಇಲ್ಲಾದ್ರೂ ಕೊಡಲಿ ಎತ್ತಲಿ ನೈನಾ."

ಅವನಿಗೆ ಮಂತ್ರ ಕಲಿಸಲು ಹೋದಳು. ಆ ಸಾಲು ಮಂಕಾಗಿತ್ತು, ಒತ್ತಿದರೂ ಆಗದು.

"ಡ್ವಾರ್ಫ್‌ಗೆ ಮಂತ್ರ ಕಲಿಯೋಕಾಗಲ್ಲ" ಅಂದೆ.

"ಯಾರು ಏಳಿದ್ದು?"

"ರೂಲು."

"ರೂಲಾ!" ಅಂದು ನನ್ನ ಮುಖವನ್ನೇ ನೋಡಿದಳು. "ಮಂತ್ರ ಕಲೀಬಾರ್ದು ಅನ್ನೋ ರೂಲು. ಇಷ್ಟ್ ವರ್ಷ ಆಡಿದ್ದೀರಿ, ನಿಮ್ಗೆ ಉರೀಲಿಲ್ವಾ?"

ಜಾತಿ ವಿನಾಶದ ಮೆರವಣಿಗೆಯಲ್ಲಿ ಗಂಟಲು ಹರಿದುಕೊಂಡವನು ನಾನು. ಕಣ್ಣೆದುರೇ ಇದ್ದದ್ದು ಕಾಣಲಿಲ್ಲ.

ಜೂನ್ 14

ಕುಪ್ಪುಸ್ವಾಮಿ ಭರ್ಜರಿ ಹೊಡೆದಾಡುತ್ತಿದ್ದಾನೆ. ಮೀನಾ ಅನ್ನಕ್ಕಿಡುವುದನ್ನೂ ಮರೆಯುತ್ತಾಳೆ, ಕೇಳಿದರೆ ನನ್ನ ಮೇಲೇ ರೇಗುತ್ತಾಳೆ. ಖುಷಿ.

ಇವತ್ತು ಕೇಳಿದಳು, "ಇದ್ರಲ್ಲಿ ಸೂರ್ಯವರ್ಮ ಅಂತ ಒಬ್ಬ ಎಲ್ಫು ಅವ್ನಲ್ಲಾ, ಯಾರ್ರೀ?"

ಅಂಗಡಿಯ ಫೋಲ್ಡರ್ ಪೂರ್ತಿ ಕಾಪಿಯಾಗಿತ್ತು. ನಾನು ಆಡಿ ಉಳಿಸಿದ್ದ ಸೇವ್‌ಗಳ ಸಮೇತ.

"ಗೇಮ್‌ನವರೇ ಕೊಟ್ಟಿರೋದು" ಅಂದೆ.

ಜೂನ್ 23, ಭಾನುವಾರ

ರಾಬರ್ಟ್‌ಸನ್‌ಪೇಟೆಯಲ್ಲಿ ಸಂಘದ ಸಭೆ. ಜನ ಆಕಳಿಸುತ್ತಿದ್ದರು. ಹಕ್ಕುಪತ್ರ, ಮನವಿ, ಮತ್ತೆ ಮನವಿ. ಹೇಗಾದರೂ ಎಬ್ಬಿಸಬೇಕು ಅನ್ನಿಸಿತು. ಬಾಯಿಗೆ ಬಂದುಬಿಟ್ಟಿತು:

"ಬಂಧುಗಳೇ, ಕಂಪ್ಯೂಟರ್ ಕೂಡ ಈಗ ಜಾತಿ ಕೇಳುತ್ತೆ! ನೆಲ ಅಗೆಯುವವನಿಗೆ ಮಂತ್ರ ಕಲಿಯುವ ಹಕ್ಕಿಲ್ಲವಂತೆ! ನಾನೇನು ಮಾಡಿದೆ? ಅಗೆಯುವವರನ್ನೇ ಆರಿಸಿಕೊಂಡೆ! ನನ್ನ ಮಾವನ ಹೆಸರಿಟ್ಟೆ!"

ಚಪ್ಪಾಳೆ. ಸೀಟಿ. ಒಬ್ಬ ಮುದುಕ ಕಣ್ಣೊರೆಸಿಕೊಂಡ. ಕೊಬ್ಬಿ ಮನೆಗೆ ಬಂದೆ.

ಸಂಘದ ಹುಡುಗ ಮುನಿರಾಜು ಭಾಷಣವನ್ನು ಲೈವ್ ಹಾಕಿದ್ದನಂತೆ. ಮೀನಾ ಮೊಬೈಲಿನಲ್ಲಿ ಪೂರ್ತಿ ನೋಡಿದ್ದಾಳೆ.

"ಚೆನ್ನಾಗಿ ಮಾತಾಡಿದ್ರಿ." ಅಷ್ಟೇ. ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಒಗೆದ ಬಟ್ಟೆ ಮಡಚಿಟ್ಟಳು.

ಜುಲೈ 2

ಆಟ ತೆರೆದಿಲ್ಲ. ನಾನು ಬೇರೆ ಗೇಮ್ ಹೇಳಿದೆ. ಆ ಮರಳುಗಾಡಿನದು, ಇಲಿಯಿಂದ ತಪ್ಪಿಸಿಕೊಳ್ಳುವ ಉಪಾಯ ಹೇಳಿಕೊಡ್ತೀನಿ ಅಂದೆ. "ಬೇಡ." ಹೆಣದ ಮನೆಯದು, ಪಕ್ಕದಲ್ಲೇ ಕೂತು ಕನ್ನಡದಲ್ಲಿ ಓದ್ತೀನಿ ಅಂದೆ. "ನಂಗ್ ಬೇಡಪ್ಪ."

ಜಗಳವಾದರೂ ಆಡಬಾರದೇ.

ವೆಂಕಟೇಶಪ್ಪ ಫೋನು. ಬಂಗಾರಪೇಟೆ ಸಮಾವೇಶದಲ್ಲಿ ಅದೇ ಕತೆ ಹೇಳಬೇಕಂತೆ. "ಬೆಂಕಿ ಕಣಯ್ಯಾ ಅದು! ಸಂಘದ ಪುಸ್ತಕದಾಗೂ ಆಕೋಣ."

ಸ್ಪೀಕರಿನಲ್ಲಿತ್ತು. ಮೀನಾ ಕೇಳಿಸಿಕೊಂಡಳು.

ಜುಲೈ 6, ಶನಿವಾರ

ಕೊನೆಗೆ ನಾನೇ ಬಾಯಿ ಬಿಟ್ಟೆ. "ನಾಳೆ ಸಮಾವೇಶದಲ್ಲಿ ನಿನ್ನ ಹೆಸರು ಹೇಳ್ತೀನಿ. ಆರಿಸಿದ್ದು ನೀನು, ಕೇಳಿದ್ದೂ ನೀನು ಅಂತ."

"ನನ್ ಎಸರು ಯಾಕ್ರೀ? ನಂಗ್ ಚಪ್ಪಾಳೆ ಬೇಕಾ?" ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನೀವ್ ಏನ್ ಆರಿಸ್ಕೊಂಡ್ರಿ, ಅದನ್ನ ಏಳಿ."

"ಅಂದ್ರೆ?"

"ವರ್ಮ ಅಂತ ಗೇಮ್‌ನೋರು ಎಸರಿಡ್ತಾರೇನ್ರೀ?"

ಇವಳಿಗೆ ಗೊತ್ತಿದೆ. ಅವತ್ತೇ ಗೊತ್ತಿತ್ತು.

"ನೀವ್ ಬೆಳ್ಳಗಿರೋನ್ ಆದ್ರೆ ನಂಗೇನೂ ಇಲ್ಲ. ಆಟ ತಾನೆ. ಆದ್ರೆ ನಮ್ಮಪ್ಪನ್ನ ಬೇಡ ಅಂದೋರು ನೀವು. ಆಮೇಲೆ ಮೈಕ್ ಮುಂದೆ ಓಗಿ ಅದೇ ಅಪ್ಪನ್ನ ಎತ್ತಿ ಎತ್ತಿ ತೋರ್ಸಿದ್ರಿ." ಕಲ್ಲೊಂದು ಸಿಕ್ಕಿತು, ಎಸೆದಳು. "ಅದಕ್ಕೆ ಒಟ್ಟೆ ಉರೀತು."

ಇಪ್ಪತ್ತು ವರ್ಷ ಆಡಿದೆ. ಯಾರೂ ಬಲವಂತ ಮಾಡಲಿಲ್ಲ. ಏನು ಬೇಕಾದರೂ ಆಗು ಅಂದಾಗ ಪ್ರತಿ ಸಲವೂ ನಾನು ಅದೇ ಆದೆ. ಬಿಳಿ ಮೈ, ಹಳೇ ವಂಶ, ವರ್ಮ. ನಮ್ಮಪ್ಪ ಬಚ್ಚಪ್ಪ. ಆ ಹೆಸರನ್ನು ಒಂದು ಸಲವೂ ಟೈಪ್ ಮಾಡಲಿಲ್ಲ ನಾನು.

ಜುಲೈ 7, ಬಂಗಾರಪೇಟೆ. ಬೆಳಿಗ್ಗೆ 11.40

ವೇದಿಕೆ ಮೇಲೆ ಕೂತು ಬರೆಯುತ್ತಿದ್ದೇನೆ. ಭಾಷಣದ ಪಾಯಿಂಟ್ಸ್ ಅಂದುಕೊಂಡಿದ್ದಾರೆ ಎಲ್ಲರೂ. ಹಾಲ್ ತುಂಬಿದೆ. ಗಣಿ ಕಡೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಬಂದವರು ಗೋಡೆಗೆ ಒರಗಿ ನಿಂತಿದ್ದಾರೆ. ಮೀನಾ ಬಂದಿಲ್ಲ. ಪ್ಲಾಸ್ಟರ್ ಬಿಚ್ಚಿದೆ, ಬರಬಹುದಿತ್ತು. ಕರೆದೆ. "ನಾ ಇದ್ರೆ ನಂಗೋಸ್ಕರ ಏಳಿದಂಗಾಗತ್ತೆ" ಅಂದಳು.

ಇನ್ನೂ ಜಾರಿಕೊಳ್ಳಬಹುದು. ಹಕ್ಕುಪತ್ರದ ಬಗ್ಗೆ ಗುಡುಗಿ ಇಳಿದುಬಿಡಬಹುದು. ಜೈಲು ನೋಡಿದ್ದೇನೆ, ಲಾಠಿ ತಿಂದಿದ್ದೇನೆ. ಆಗೆಲ್ಲ ಹೀಗೆ ಜಾರಿಕೊಳ್ಳುವ ದಾರಿ ಹುಡುಕಲಿಲ್ಲ. ಆಗ ಎದುರಿಗಿದ್ದವರು ಬೇರೆಯವರು.

ವೆಂಕಟೇಶಪ್ಪ ಮೈಕ್ ಹಿಡಿದರು. "ಈಗ ನಮ್ಮ ಬೆಂಕಿ ಅಶ್ವಥ್, ಆ ಗೇಮಿನ ಕತೆ..." ಆಗಲೇ ನಗು, ಆಗಲೇ ಚಪ್ಪಾಳೆ. ಮೊದಲ ವಾಕ್ಯ ಇದು, ಇದನ್ನೇ ಹೇಳಬೇಕು: ನಾನು ಅಗೆಯುವವರನ್ನು ಆರಿಸಿಕೊಳ್ಳಲಿಲ್ಲ, ನಾನು ಆರಿಸಿಕೊಂಡಿದ್ದು—