ಕಲ್ಲುಗುಪ್ಪೆಯೊಳಗೆ ನೀವಿಟ್ಟ ಪೀಪಾಯಿಗಳು

ಕ್ರಿ.ಶ. ೨೬೧೪, ಕೆಸರುಗಾಲ
ಕೃಷ್ಣೆಯ ಕಣಿವೆ

ಹಿಂದಿನವರೇ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ. ನಿಮ್ಮಿಂದ ನಾವು ಅದಕ್ಕಿಂತ ಹೆಚ್ಚಿನದನ್ನು ಸಹಿಸಿದ್ದೇವೆ. ಕೆಸರುಗಾಲವೆಂದರೆ ನೆರೆ ಇಳಿದು ಹೊಳೆ ನಮಗೆ ನೆಲ ಬಿಟ್ಟುಕೊಡುವ ತಿಂಗಳುಗಳು. ಉಳಿದ ಕಾಲವೆಲ್ಲ ತೇಲುಕೇರಿಯಲ್ಲಿ, ಎಂದರೆ ಒಂದಕ್ಕೊಂದು ಬಿಗಿದ ದೋಣಿಗಳ ಮೇಲೆ, ರೊಟ್ಟಿ ಬಡಿದು, ಮೀನು ಒಣಗಿಸಿ, ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿ ಬದುಕುತ್ತೇವೆ.

ನೆರೆ ಮುಳುಗಿಸದ ದಿಬ್ಬ ಇಲ್ಲಿ ಒಂದೇ. ಅದರ ಮೇಲಿನ ಕಲ್ಲುಗುಪ್ಪೆ ನಿಮಗೂ ಗೊತ್ತು. ಬರವಣಿಗೆ ಹುಟ್ಟುವ ಮೊದಲೇ ಯಾರೋ ತಮ್ಮ ಸತ್ತವರನ್ನು ಗಡಿಗೆಗಳ ಜೊತೆ ಹೂತು, ಮೇಲೆ ಬಂಡೆ ಪೇರಿಸಿದ ಜಾಗ ಅದು. ನಾವೂ ನಮ್ಮವರನ್ನು ಅದರ ಅಂಚಿನಲ್ಲೇ ಮಣ್ಣು ಮಾಡುತ್ತಿದ್ದೆವು.

ಈ ಸಲದ ನೆರೆಯಲ್ಲಿ ಅವ್ವ ತೀರಿಕೊಂಡಳು. ಅಂಚಿನಲ್ಲಿ ಜಾಗ ಉಳಿದಿರಲಿಲ್ಲ. ನಾನೂ ತಮ್ಮ ದುರಗಪ್ಪನೂ ಗುಪ್ಪೆಯ ಮಗ್ಗುಲಿನ ಕಲ್ಲು ಸರಿಸಿದೆವು. ಒಳಗಿಳಿಯುವ ಮುಂಚೆ ಅವನು ಕೈಮುಗಿದು, "ಹಿರ್ಯಾರ, ನಮ್ಮವ್ವನ್ನ ನಿಮ್ಮ ಮಗ್ಗಲಾಗ ಮಲಗಸ್ತೀವಿ. ಒಂಚೂರು ಸರೀರಿ" ಅಂದ.

ಒಳಗೆ ಹಿರಿಯರಿರಲಿಲ್ಲ. ಅವರ ಎಲುಬು, ಗಡಿಗೆಯ ಚೂರುಗಳನ್ನು ಮೂಲೆಗೆ ಗುಡಿಸಿ, ನೀವು ನೀಲಿ ಪೀಪಾಯಿಗಳನ್ನು ಸಾಲಾಗಿ ನಿಲ್ಲಿಸಿದ್ದಿರಿ.

"ಅಕ್ಕಾ, ಇವು ಗಡಿಗಿ ಅಲ್ಲ."

"ಮುಟ್ಟಬ್ಯಾಡ, ಹೊರಗ ಬಾ," ಎಂದೆ.

ಅವನ ಕೈ ಆಗಲೇ ಒಂದರ ಮೇಲಿತ್ತು. ತಳ ಕಳಚಿ, ಕಪ್ಪು ನೀರು ಅವನ ಮೊಣಕಾಲಿನವರೆಗೆ ಬಂತು. "ಉರೀತೈತಿ ಅಕ್ಕಾ, ನೀ ಇಳೀಬ್ಯಾಡ" ಎಂದನೇ ಹೊರತು ಕೂಗಲಿಲ್ಲ. ಹಗ್ಗ ಎಸೆದು ಎಳೆದೆ. ಒರೆಸಲು ಹೋದರೆ ಅವನ ಚರ್ಮ ನನ್ನ ಸೆರಗಿಗೆ ಅಂಟಿ ಬಂತು. ಹುಣ್ಣಿಮೆಯ ಹೊತ್ತಿಗೆ ಅವನೂ ಇರಲಿಲ್ಲ. ಆ ನೀರು ದಿಬ್ಬದ ಕೆಳಗಿನ ಒರತೆಗೆ ಇಳಿಯಿತು. ಅಲ್ಲಿ ಕುಡಿದ ಆಡುಗಳೆಲ್ಲ ಸತ್ತವು. ನಾವೀಗ ದೋಣಿ ಬಿಚ್ಚಿ ಈ ಕಣಿವೆಯನ್ನೇ ಬಿಡುತ್ತಿದ್ದೇವೆ.

ತಿಳಿಯದೆ ಮಾಡಿದಿರೆಂದು ನಾನು ನಂಬುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಗುಪ್ಪೆಯನ್ನು ಮುಟ್ಟಿದ್ದೇ ಗೊತ್ತಾಗದ ಹಾಗೆ ಕಲ್ಲುಗಳನ್ನು ಮತ್ತೆ ಪೇರಿಸಿದ್ದಿರಿ. ಸತ್ತವರ ಜಾಗವನ್ನು ಯಾರೂ ಅಗೆಯುವುದಿಲ್ಲ ಎಂದುಕೊಂಡಿರಿ. ನಿಮ್ಮ ನಂತರವೂ ಜನ ಸಾಯುತ್ತಾರೆ, ಅವರಿಗೂ ಮಣ್ಣು ಬೇಕು ಎಂಬುದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನೀವು ಇದನ್ನು ಓದುವಾಗ ಆ ಪೀಪಾಯಿಗಳು ಇನ್ನೂ ಗುಪ್ಪೆ ಸೇರದೆ ನಿಮ್ಮ ಅಂಗಳದಲ್ಲೇ ಇರುತ್ತವೆ. ಅಲ್ಲೇ ಇರಲಿ, ನಿಮ್ಮ ಮಕ್ಕಳ ಕಣ್ಣೆದುರಿಗೆ.

ಅವ್ವನನ್ನೂ ತಮ್ಮನನ್ನೂ ಕಡೆಗೆ ಎಲ್ಲಿ ಮಣ್ಣು ಮಾಡಿದೆವೆಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿಗೂ ಬರುತ್ತೀರಿ.

ನಿಮ್ಮದೇ ರಕ್ತದ,
ದ್ಯಾಮವ್ವ